ಎಂಟು ಕಪ್ ಚಹಾದಿಂದ ಸಿಗರೇಟಿನವರೆಗೆ: ಚೀಟಿ ಎತ್ತಿ ಪ್ರಯೋಗ ಮಾಡಲು ಕಲಿಸಿದ ಫಿಶರ್

ಇದು ನಿಜವೇ ಎಂದು ಓದುಗರು ನಮಗೆ ಕಳಿಸುವ ಫಾರ್ವರ್ಡ್‌ಗಳಲ್ಲಿ ಒಂದು ಬಗೆ ಇದೆ. ದಿನಾ ಬೆಳಗ್ಗೆ ಇಂಥ ಸಂಗೀತ ಕೇಳಿದ ಮಕ್ಕಳಿಗೆ ನೆನಪಿನ ಶಕ್ತಿ ಹೆಚ್ಚಾಯಿತು, ಇಂಥ ಕಷಾಯ ಕುಡಿದ ಸಾವಿರ ಜನರ ಮಂಡಿನೋವು ಮಾಯವಾಯಿತು, ವಿಜ್ಞಾನಿಗಳೇ ಪ್ರಯೋಗ ಮಾಡಿ ನೋಡಿದ್ದಾರೆ. ಕೊನೆಗೆ, ಹತ್ತು ಜನರಿಗೆ ಕಳಿಸಿ ಎಂಬ ಸಾಲು. ಸಾವಿರ ಜನ ಎಂದ ಕೂಡಲೇ ನಮಗೆ ಅರ್ಧ ನಂಬಿಕೆ ಬಂದುಬಿಡುತ್ತದೆ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಸಂಗೀತ ಕೇಳುವ ಗುಂಪಿಗೆ ಯಾವ ಮಗು, ಕೇಳದ ಗುಂಪಿಗೆ ಯಾವ ಮಗು ಎಂದು ತೀರ್ಮಾನಿಸಿದ್ದು ಯಾರು, ಹೇಗೆ?

ಈ ಪ್ರಶ್ನೆಯನ್ನು ವಿಜ್ಞಾನಿಗಳ ತಲೆಗೆ ಹತ್ತಿಸಿದವರಲ್ಲಿ ದೊಡ್ಡ ಹೆಸರು ರೊನಾಲ್ಡ್ ಫಿಶರ್ ಅವರದು. ಯಾರಿಗೆ ಏನು ಕೊಡಬೇಕೆಂದು ನೀವು ಆರಿಸಬೇಡಿ, ಚೀಟಿ ಎತ್ತಿ ಹಂಚಿ ಎಂದು ಹೇಳಿಕೊಟ್ಟವರು ಅವರು. ಅದೇ ಫಿಶರ್ ಬದುಕಿನ ಕೊನೆಯ ವರ್ಷಗಳಲ್ಲಿ ಅದೇ ಪಾಠವನ್ನು ಹಿಡಿದುಕೊಂಡು, ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂಬುದು ಸಾಬೀತಾಗಿಲ್ಲ ಎಂದು ಹಟ ಹಿಡಿದು ವಾದಿಸಿದರು. ಮೊದಲನೆಯದನ್ನು ಹೇಳಿ ಎರಡನೆಯದನ್ನು ಬಿಡುವುದು ಸರಿಯಲ್ಲ, ಹಾಗಾಗಿ ಎರಡನ್ನೂ ಹೇಳುತ್ತೇವೆ.

ಕಣ್ಣು ಮಂದ, ಲೆಕ್ಕ ಚುರುಕು

ಫಿಶರ್ ಹುಟ್ಟಿದ್ದು 1890ರ ಫೆಬ್ರವರಿ 17ರಂದು, ಲಂಡನ್ನಿನ ಈಸ್ಟ್ ಫಿಂಚ್ಲಿಯಲ್ಲಿ. ಜೊತೆಯ ಅವಳಿ ಮಗು ಉಳಿಯಲಿಲ್ಲ. ತಂದೆ ಕಲಾಕೃತಿಗಳ ಹರಾಜು ವ್ಯಾಪಾರಿ, ಮನೆಯಲ್ಲಿ ಅನುಕೂಲವಿತ್ತು. ಆದರೆ ಮಗನಿಗೆ 14 ವರ್ಷವಾದಾಗ ತಾಯಿ ತೀರಿಕೊಂಡರು, ಅದಾದ ಸ್ವಲ್ಪ ಕಾಲಕ್ಕೆ ತಂದೆಯ ವ್ಯಾಪಾರವೂ ಮುಳುಗಿತು. ಮುಂದಿನ ಓದು ವಿದ್ಯಾರ್ಥಿವೇತನದ ಮೇಲೆ ನಡೆಯಿತು.

ಹುಡುಗನ ಕಣ್ಣು ಬಹಳ ಮಂದ. ದೀಪದ ಬೆಳಕಿನಲ್ಲಿ ಓದಬಾರದೆಂದು ವೈದ್ಯರು ಹೇಳಿದ್ದರಿಂದ ಸಂಜೆಯ ಗಣಿತದ ಪಾಠ ಕಾಗದ ಪೆನ್ಸಿಲ್ ಇಲ್ಲದೆ, ಬಾಯಿಮಾತಿನಲ್ಲೇ ಆಗುತ್ತಿತ್ತು. ಹೀಗಾಗಿ ಲೆಕ್ಕವನ್ನು ಮನಸ್ಸಿನೊಳಗೆ ಆಕೃತಿಗಳಾಗಿ ಕಾಣುವ ಅಭ್ಯಾಸ ಬಂತು. ಇದರ ಇನ್ನೊಂದು ಫಲವನ್ನು ಅವರ ಲೇಖನಗಳನ್ನು ಓದಿದವರು ಅನುಭವಿಸಿದ್ದಾರೆ: ಅವರಿಗೆ ಕಣ್ಣೆದುರು ಕಾಣುತ್ತಿದ್ದ ನಡುವಿನ ಹತ್ತು ಮೆಟ್ಟಿಲು ಕಾಗದದ ಮೇಲೆ ಇರುತ್ತಿರಲಿಲ್ಲ.

1912ರಲ್ಲಿ ಕೇಂಬ್ರಿಜ್‌ನಲ್ಲಿ ಪದವಿ ಮುಗಿಯಿತು. ಸ್ವಲ್ಪ ದಿನ ಕೆನಡಾದ ಒಂದು ಜಮೀನಿನಲ್ಲಿ ದುಡಿಮೆ, ಆಮೇಲೆ ಲಂಡನ್ನಿನ ಹೂಡಿಕೆ ಕಂಪನಿಯೊಂದರಲ್ಲಿ ಲೆಕ್ಕದ ಕೆಲಸ. ಮೊದಲ ಮಹಾಯುದ್ಧ ಬಂದಾಗ ಸೇನೆಗೆ ಸೇರಲು ಹೋದರು, ಕಣ್ಣಿನ ಕಾರಣಕ್ಕೆ ವಾಪಸ್ ಕಳಿಸಿದರು. ಯುದ್ಧದ ವರ್ಷಗಳಲ್ಲಿ ಶಾಲಾ ಮೇಷ್ಟರಾಗಿದ್ದರು.

ಹೊಲದಲ್ಲಿ ಸಿಕ್ಕ ಉತ್ತರ

1919ರಲ್ಲಿ ಅವರ ಮುಂದೆ ಎರಡು ಕೆಲಸಗಳಿದ್ದವು. ಒಂದು, ಆ ಕಾಲದ ಸಂಖ್ಯಾಶಾಸ್ತ್ರದ ದೊರೆ ಕಾರ್ಲ್ ಪಿಯರ್ಸನ್ ಅವರ ಲಂಡನ್ ಪ್ರಯೋಗಾಲಯದಲ್ಲಿ. ಇನ್ನೊಂದು, ಹಾರ್ಪೆಂಡೆನ್ ಎಂಬ ಊರಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ. ಫಿಶರ್ ಹೊಲವನ್ನೇ ಆರಿಸಿಕೊಂಡರು.

ರೊಥಾಮ್‌ಸ್ಟೆಡ್‌ನಲ್ಲಿ 1843ರಿಂದ ಗೊಬ್ಬರದ ಪ್ರಯೋಗಗಳು ನಡೆಯುತ್ತಿದ್ದವು. ಯಾವ ತಾಕಿಗೆ ಯಾವ ಗೊಬ್ಬರ, ಎಷ್ಟು ಗೋಧಿ, ಎಷ್ಟು ಮಳೆ ಎಂಬ ದಾಖಲೆಗಳು ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಸೇರಿದ್ದವು. ಅದರಿಂದ ಏನಾದರೂ ಹೊರಡುತ್ತದೆಯೇ ನೋಡಿ ಎಂಬುದು ಅವರಿಗೆ ವಹಿಸಿದ ಕೆಲಸ. ಎಣಿಕೆ ಮಾಡುತ್ತ ಹೋದಂತೆ ಅವರಿಗೆ ಒಂದು ಮಾತು ಸ್ಪಷ್ಟವಾಯಿತು. ಪ್ರಯೋಗವನ್ನೇ ಸರಿಯಾಗಿ ಹೂಡದಿದ್ದರೆ, ಆಮೇಲೆ ಎಂಥ ಲೆಕ್ಕ ಮಾಡಿದರೂ ಅದನ್ನು ರಿಪೇರಿ ಮಾಡಲಾಗದು.

ಹೊಲದ ಒಂದು ಮೂಲೆಯಂತೆ ಇನ್ನೊಂದು ಮೂಲೆ ಇರುವುದಿಲ್ಲ ಎಂಬುದನ್ನು ಬೇಸಾಯ ಮಾಡಿದವರಿಗೆ ಹೇಳಬೇಕಿಲ್ಲ. ಒಂದು ಕಡೆ ನೀರು ನಿಲ್ಲುತ್ತದೆ, ಒಂದು ಕಡೆ ಕಲ್ಲು, ಬದುವಿನ ಪಕ್ಕ ನೆರಳು. ಹೊಸ ಗೊಬ್ಬರವನ್ನು ಎಡಗಡೆಯ ತಾಕುಗಳಿಗೆ, ಹಳೆಯದನ್ನು ಬಲಗಡೆಗೆ ಹಾಕಿ ಎಡಗಡೆ ಬೆಳೆ ಹೆಚ್ಚು ಬಂದರೆ, ಅದು ಗೊಬ್ಬರದ ಗುಣವೋ ಮಣ್ಣಿನ ಗುಣವೋ? ನಾವೇ ಬುದ್ಧಿ ಉಪಯೋಗಿಸಿ ಸಮವಾಗಿ ಹಂಚುತ್ತೇವೆ ಎಂದರೆ, ನಮಗೆ ಗೊತ್ತಿರುವ ವ್ಯತ್ಯಾಸಗಳನ್ನು ಮಾತ್ರ ಸಮ ಮಾಡಬಲ್ಲೆವು. ಗೊತ್ತಿಲ್ಲದವು ಎಲ್ಲಿ ಅಡಗಿವೆಯೋ ಯಾರು ಬಲ್ಲರು?

ಫಿಶರ್ ಕೊಟ್ಟ ಉತ್ತರ ಆಗ ಹಲವರಿಗೆ ಹುಚ್ಚಾಟದಂತೆ ಕಂಡಿತು. ಜಮೀನನ್ನು ಮೊದಲು ಹೆಚ್ಚುಕಮ್ಮಿ ಒಂದೇ ಥರದ ತುಂಡುಗಳಾಗಿ ವಿಂಗಡಿಸಿ. ಆಮೇಲೆ ಒಂದೊಂದು ತುಂಡಿನೊಳಗೆ ಯಾವ ತಾಕಿಗೆ ಯಾವ ಗೊಬ್ಬರ ಎಂಬುದನ್ನು ಅದೃಷ್ಟಕ್ಕೆ ಬಿಡಿ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಯಾದೃಚ್ಛಿಕ ಹಂಚಿಕೆ ಎಂಬ ಹೆಸರಿದೆ. ನಾವು ಇಲ್ಲಿ ಚೀಟಿ ಎತ್ತುವುದು ಎಂದೇ ಕರೆಯುತ್ತೇವೆ. ಚೀಟಿಗೆ ಯಾರ ಮೇಲೂ ಮಮತೆಯಿಲ್ಲ. ಒಳ್ಳೆಯ ಮಣ್ಣು ಒಂದೇ ಗುಂಪಿಗೆ ಬೀಳುವ ಸಾಧ್ಯತೆ ಆಗಲೂ ಇದೆ, ಆದರೆ ಎಷ್ಟಿದೆ ಎಂದು ಲೆಕ್ಕ ಹಾಕಬಹುದು. ಮನುಷ್ಯರು ಕೈಯಾರೆ ಆರಿಸಿದಾಗ ಆ ಲೆಕ್ಕವೇ ಸಿಗುವುದಿಲ್ಲ.

ಹಾಲು ಮೊದಲೋ, ಚಹಾ ಮೊದಲೋ?

ಆ ದಿನಗಳಲ್ಲಿ ರೊಥಾಮ್‌ಸ್ಟೆಡ್‌ನಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಎಂಬ ಪಾಚಿ ತಜ್ಞೆ ಇದ್ದರು. ಒಂದು ಮಧ್ಯಾಹ್ನ ಫಿಶರ್ ಚಹಾ ಬಗ್ಗಿಸಿ ಅವರಿಗೆ ಕೊಡಹೋದಾಗ ಆಕೆ ಬೇಡವೆಂದರು. ಕಾರಣ, ಕಪ್ಪಿಗೆ ಚಹಾ ಮೊದಲು ಹಾಕಿ ಆಮೇಲೆ ಹಾಲು ಹಾಕಿದ್ದರು. ಹಾಲು ಮೊದಲು ಹಾಕಿದರೇ ರುಚಿ ಎಂಬುದು ಆಕೆಯ ಮಾತು. ಯಾವುದು ಮೊದಲಾದರೇನು, ಕಲಸಿದ ಮೇಲೆ ಒಂದೇ ಎಂದು ಫಿಶರ್ ನಕ್ಕರು. ಪಕ್ಕದಲ್ಲಿದ್ದ ರಸಾಯನ ವಿಜ್ಞಾನಿ ವಿಲಿಯಂ ರೋಚ್, ಪರೀಕ್ಷೆ ಮಾಡಿಯೇ ನೋಡೋಣ ಎಂದರು. (ಮುಂದೆ ರೋಚ್ ಮತ್ತು ಬ್ರಿಸ್ಟಲ್ ಮದುವೆಯಾದರು. ಚಹಾಕ್ಕೂ ಮದುವೆಗೂ ಸಂಬಂಧವಿದೆಯೇ ಎಂದು ಕೇಳಬೇಡಿ, ಒಂದೇ ಜೋಡಿಯಿಂದ ನಾವು ಏನನ್ನೂ ತೀರ್ಮಾನಿಸುವುದಿಲ್ಲ.)

1935ರಲ್ಲಿ ಪ್ರಯೋಗಗಳನ್ನು ಹೂಡುವ ಬಗೆಯ ಬಗ್ಗೆ ಫಿಶರ್ ಒಂದು ಪುಸ್ತಕ ಬರೆದಾಗ, ಅದರ ಎರಡನೇ ಅಧ್ಯಾಯವಿಡೀ ಈ ಚಹಾದ ಕಥೆಯೇ. ಗಮನಿಸಿ, ಕೃಷಿ ಕೇಂದ್ರದಲ್ಲಿ ಕಲಿತದ್ದನ್ನು ವಿವರಿಸಲು ಅವರು ಆರಿಸಿಕೊಂಡಿದ್ದು ಗೋಧಿಯನ್ನಲ್ಲ, ಮನುಷ್ಯರ ನಾಲಿಗೆ ಮತ್ತು ಮನಸ್ಸಿನ ಪರೀಕ್ಷೆಯನ್ನು. ಅಂದರೆ ಒಂದು ಮನಶ್ಶಾಸ್ತ್ರದ ಪ್ರಯೋಗವನ್ನು.

ಎಂಟು ಕಪ್ಪುಗಳು. ನಾಲ್ಕಕ್ಕೆ ಹಾಲು ಮೊದಲು, ನಾಲ್ಕಕ್ಕೆ ಚಹಾ ಮೊದಲು. ನಾಲ್ಕು ನಾಲ್ಕು ಇವೆ ಎಂದು ಆಕೆಗೆ ಗೊತ್ತು, ಯಾವ ಕಪ್ ಯಾವುದು ಎಂದು ಗೊತ್ತಿಲ್ಲ. ಎಂಟರಲ್ಲಿ ನಾಲ್ಕನ್ನು ಆರಿಸುವ ದಾರಿಗಳು ಒಟ್ಟು 70. ಅವುಗಳಲ್ಲಿ ಪೂರ್ತಿ ಸರಿಯಾದದ್ದು ಒಂದೇ. ರುಚಿಯೇ ತಿಳಿಯದೆ ಸುಮ್ಮನೆ ಊಹಿಸಿದರೂ 70ರಲ್ಲಿ ಒಂದು ಸಲ ಎಲ್ಲವೂ ಸರಿಹೋಗಬಹುದು. ಅದು ತೀರಾ ಅಪರೂಪ, ಹಾಗಾಗಿ ಎಂಟೂ ಸರಿ ಹೇಳಿದರೆ ಆಕೆಯ ಮಾತಿಗೆ ತೂಕ ಬರುತ್ತದೆ. ಹಾಲು ಮೊದಲು ಹಾಕಿದ ನಾಲ್ಕರಲ್ಲಿ ಮೂರನ್ನು ಗುರುತಿಸಿ ಒಂದನ್ನು ತಪ್ಪಿದರೆ? ಬರೀ ಊಹೆಯಲ್ಲೇ ಮೂರು ಅಥವಾ ನಾಲ್ಕು ಸರಿಯಾಗುವ ದಾರಿಗಳು 70ರಲ್ಲಿ 17, ಹೆಚ್ಚುಕಮ್ಮಿ ನಾಲ್ಕರಲ್ಲಿ ಒಂದು. ಅಷ್ಟಕ್ಕೆ ಚಪ್ಪಾಳೆ ತಟ್ಟಲಾಗದು.

ಈ ಲೆಕ್ಕ ನಿಲ್ಲಬೇಕಾದರೆ ಕಪ್ಪುಗಳನ್ನು ಮುಂದಿಡುವ ಕ್ರಮವನ್ನು ಚೀಟಿ ಎತ್ತಿಯೇ ನಿರ್ಧರಿಸಿರಬೇಕು. ಏಕೆಂದರೆ ಎಂಟು ಕಪ್ಪುಗಳನ್ನು ಬೇರೆಲ್ಲ ರೀತಿಯಲ್ಲೂ ಒಂದೇ ಮಾಡಲು ಯಾರಿಂದಲೂ ಆಗುವುದಿಲ್ಲ. ಒಂದರ ಪಿಂಗಾಣಿ ದಪ್ಪ, ಒಂದರಲ್ಲಿ ಚಹಾ ತುಸು ಗಟ್ಟಿ, ಕೊನೆಯದು ತಣ್ಣಗಾಗಿದೆ. ಹಾಲು ಮೊದಲು ಹಾಕಿದ ನಾಲ್ಕನ್ನೂ ಮೊದಲೇ ಕೊಟ್ಟರೆ, ಆಕೆ ರುಚಿಯಿಂದಲ್ಲ, ಬಿಸಿಯಿಂದಲೇ ಕಂಡುಹಿಡಿದಾರು. ಇಂಥ ನೂರು ಕಾರಣಗಳನ್ನು ಪಟ್ಟಿ ಮಾಡಿ ಒಂದೊಂದಾಗಿ ತೆಗೆದುಹಾಕುವ ಬದಲು ಕ್ರಮವನ್ನೇ ಅದೃಷ್ಟಕ್ಕೆ ಒಪ್ಪಿಸಿದರೆ ಎಲ್ಲವೂ ಆ 70ರ ಲೆಕ್ಕದೊಳಗೆ ಬರುತ್ತವೆ. ಪುಸ್ತಕದಲ್ಲಿ ಫಿಶರ್ ಆಕೆಯ ಹೆಸರನ್ನಾಗಲಿ ಆಕೆ ಎಷ್ಟು ಸರಿ ಹೇಳಿದರೆಂಬುದನ್ನಾಗಲಿ ಬರೆಯಲಿಲ್ಲ. ಅವರಿಗೆ ಬೇಕಿದ್ದದ್ದು ಪರೀಕ್ಷೆಯ ವಿಧಾನ.

ಮನಸ್ಸಿನ ಪ್ರಯೋಗದಲ್ಲಿ ಇದನ್ನು ಮೊದಲು ಮಾಡಿದ್ದು ಫಿಶರ್ ಅಲ್ಲ ಎಂಬುದನ್ನೂ ಹೇಳಿಬಿಡಬೇಕು. ಅಮೆರಿಕದ ಚಾರ್ಲ್ಸ್ ಪರ್ಸ್ ಮತ್ತು ಅವರ ಶಿಷ್ಯ ಜೋಸೆಫ್ ಜಾಸ್ಟ್ರೋ 1885ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬೆರಳಿನ ಮೇಲಿನ ಭಾರವನ್ನು ಹೆಚ್ಚಿಸಬೇಕೋ ಇಳಿಸಬೇಕೋ ಎಂಬುದನ್ನು ಕಲಸಿದ ಇಸ್ಪೀಟ್ ಎಲೆಗಳಿಂದ ತೀರ್ಮಾನಿಸಿದ್ದರು. ಆದರೆ ಅದು ಅಲ್ಲಿಗೇ ನಿಂತಿತ್ತು. ಅದನ್ನು ಎಲ್ಲರ ಪಾಲಿನ ನಿಯಮವಾಗಿಸಿ, ಏಕೆ ಬೇಕೆಂದು ಲೆಕ್ಕ ಸಮೇತ ತೋರಿಸಿದ ಕೀರ್ತಿ ಫಿಶರ್‌ಗೆ ಸೇರುತ್ತದೆ.

ಈಗ ಮತ್ತೆ ಸಂಗೀತದ ಫಾರ್ವರ್ಡ್‌ಗೆ ಬನ್ನಿ. 40 ವಿದ್ಯಾರ್ಥಿಗಳು, 20 ಮಂದಿಗೆ ಸಂಗೀತ, 20 ಮಂದಿಗೆ ಮೌನ. ಮೊದಲು ಬಂದ 20 ಮಂದಿಯನ್ನು ಸಂಗೀತಕ್ಕೆ ಕಳಿಸಿದರೆ? ಬೇಗ ಬರುವವರು ಶಿಸ್ತಿನವರಿರಬಹುದು. ಇಷ್ಟವಿದ್ದವರು ಸಂಗೀತದ ಕೋಣೆಗೆ ಹೋಗಲಿ ಎಂದರೆ? ಆಗ ಅಳೆಯುವುದು ಸಂಗೀತವನ್ನಲ್ಲ, ಇಷ್ಟವನ್ನು. ಮುಂದಿನ ಬೆಂಚು, ಹಿಂದಿನ ಬೆಂಚು ಎಂದು ಒಡೆದರೆ ಏನಾಗುತ್ತದೆಂದು ಶಾಲೆಗೆ ಹೋದ ಯಾರಿಗೂ ಗೊತ್ತು. ಕಣ್ಣು ಮುಚ್ಚಿ ಯಾರನ್ನೋ ತೋರಿಸುವುದೂ ಚೀಟಿ ಎತ್ತಿದಂತಲ್ಲ, ನಮ್ಮ ಕೈ ನಮಗೇ ತಿಳಿಯದಂತೆ ಆರಿಸುತ್ತದೆ.

ಒಬ್ಬೊಬ್ಬರಿಗೂ ನಾಣ್ಯ ಚಿಮ್ಮಬಹುದು. ಅದು ಪ್ರಾಮಾಣಿಕ ವಿಧಾನವೇ, ಆದರೆ 40 ಸಲ ಚಿಮ್ಮಿದಾಗ ಸರಿಯಾಗಿ 20-20 ಬರುವುದು ಸುಮಾರು ಎಂಟರಲ್ಲಿ ಒಂದು ಸಲ ಮಾತ್ರ. ಸಮ ಬೇಕಿದ್ದರೆ 20 ಸಂಗೀತದ ಚೀಟಿ, 20 ಮೌನದ ಚೀಟಿ ಬರೆದು ಡಬ್ಬದಲ್ಲಿ ಕಲಸಿ ಎತ್ತಬೇಕು. ಈಗ ಈ ಕೆಲಸ ಕಂಪ್ಯೂಟರ್ ಮಾಡುತ್ತದೆ, ತತ್ವ ಅದೇ.

ಕನಿಕರ ಕೆಡಿಸಿದ ಪ್ರಯೋಗ

ಫಿಶರ್ ಅವರ ಗೆಳೆಯರೊಬ್ಬರು ಇದನ್ನು ಪೂರ್ತಿ ಒಪ್ಪಲಿಲ್ಲ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್. ಕಂಪನಿ ಸ್ವಂತ ಹೆಸರಿನಲ್ಲಿ ಬರೆಯಲು ಬಿಡದ ಕಾರಣ ಸ್ಟೂಡೆಂಟ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು ಇವರೇ. ಸಣ್ಣ ಪ್ರಯೋಗದಲ್ಲಿ ಚೀಟಿ ಕೈಕೊಡಬಹುದು, ತಿಳಿದವರು ಯೋಚಿಸಿ ಸಮವಾಗಿ ಜೋಡಿಸುವುದೇ ಮೇಲು ಎಂಬುದು ಗಾಸೆಟ್ ಅವರ ವಾದ. ಇದರಲ್ಲಿ ಹುರುಳಿದೆ. ನಾಲ್ವರು ಗಂಡಸರು, ನಾಲ್ವರು ಹೆಂಗಸರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದರೆ, ಒಂದು ಗುಂಪಿನಲ್ಲಿ ಬರೀ ಗಂಡಸರೇ ಸೇರಿಕೊಳ್ಳುವುದು 35ರಲ್ಲಿ ಒಂದು ಸಲ ಆಗಿಯೇ ತೀರುತ್ತದೆ. ಅದಕ್ಕೆ ಫಿಶರ್ ಬಳಿ ಆಗಲೇ ಉತ್ತರವಿತ್ತು, ಹೊಲದಲ್ಲಿ ಮಾಡಿದ್ದೇ: ಮೊದಲು ಗಂಡಸರನ್ನೊಂದು ಕಡೆ, ಹೆಂಗಸರನ್ನೊಂದು ಕಡೆ ಮಾಡಿ, ಒಂದೊಂದರೊಳಗೆ ಬೇರೆ ಬೇರೆಯಾಗಿ ಚೀಟಿ ಎತ್ತಿ. ಇಬ್ಬರ ವಾದ 1937ರಲ್ಲಿ ಗಾಸೆಟ್ ತೀರಿಕೊಳ್ಳುವವರೆಗೂ ಮುಗಿಯಲಿಲ್ಲ, ಗೆಳೆತನವೂ ಮುರಿಯಲಿಲ್ಲ. ಬೇರೆಯವರೊಡನೆ ಫಿಶರ್ ಜಗಳ ಹೀಗಿರುತ್ತಿರಲಿಲ್ಲ, ಪಿಯರ್ಸನ್ ಜೊತೆಗಿನ ಹಗೆತನ ಜೀವಮಾನವಿಡೀ ಉಳಿಯಿತು.

ಚೀಟಿಯನ್ನು ತಿದ್ದಿದರೆ ಏನಾಗುತ್ತದೆಂದು ಜಗತ್ತಿಗೆ ತೋರಿಸಿದ್ದು ಅದೇ ಗಾಸೆಟ್. 1930ರಲ್ಲಿ ಸ್ಕಾಟ್ಲೆಂಡ್‌ನ ಲ್ಯಾನಾರ್ಕ್‌ಶೈರ್‌ನಲ್ಲಿ 20,000 ಶಾಲಾ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. 10,000 ಮಕ್ಕಳಿಗೆ ನಾಲ್ಕು ತಿಂಗಳು ದಿನಾ ಸುಮಾರು 425 ಮಿಲಿಲೀಟರ್ ಹಾಲು, ಉಳಿದ 10,000 ಮಕ್ಕಳಿಗೆ ಇಲ್ಲ. ಯಾರು ಯಾವ ಗುಂಪು ಎಂಬುದನ್ನು ಕೆಲವು ಶಾಲೆಗಳಲ್ಲಿ ಚೀಟಿಯಿಂದ, ಕೆಲವು ಕಡೆ ಹೆಸರಿನ ಅಕ್ಷರ ಕ್ರಮದಿಂದ ಹಂಚಿದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಒಂದು ಗುಂಪಿನಲ್ಲಿ ತೀರಾ ದಷ್ಟಪುಷ್ಟ ಮಕ್ಕಳೋ ತೀರಾ ಬಡಕಲು ಮಕ್ಕಳೋ ಹೆಚ್ಚಾಗಿ ಕಂಡರೆ ಬದಲಾಯಿಸಬಹುದು ಎಂದು ಶಿಕ್ಷಕರಿಗೆ ಸ್ವಾತಂತ್ರ್ಯ ಕೊಟ್ಟರು. ಶಿಕ್ಷಕರು ಮನುಷ್ಯರು ತಾನೇ. ಎದುರಿಗೆ ಹಸಿದ ಮುಖವಿದ್ದರೆ ಹಾಲಿನ ಗುಂಪಿಗೆ ಯಾರನ್ನು ಸೇರಿಸುತ್ತಾರೆ?

ಪ್ರಯೋಗ ಶುರುವಾಗುವ ದಿನವೇ ಹಾಲಿಲ್ಲದ ಗುಂಪಿನ ಮಕ್ಕಳು ತೂಕದಲ್ಲಿ ಸುಮಾರು ಮೂರು ತಿಂಗಳ ಬೆಳವಣಿಗೆಯಷ್ಟು, ಎತ್ತರದಲ್ಲಿ ನಾಲ್ಕು ತಿಂಗಳ ಬೆಳವಣಿಗೆಯಷ್ಟು ಮುಂದಿದ್ದರು. ಸಾಲದ್ದಕ್ಕೆ ಬಟ್ಟೆ ಸಮೇತ ತೂಕ ನೋಡಿದ್ದರು, ಮೊದಲ ಸಲ ಚಳಿಗಾಲದಲ್ಲಿ, ಕೊನೆಯ ಸಲ ಬೇಸಿಗೆಯಲ್ಲಿ. ಉಳ್ಳವರ ಮಕ್ಕಳು ಕಳಚಿಟ್ಟ ದಪ್ಪ ಬಟ್ಟೆಯ ತೂಕವೂ ಲೆಕ್ಕದಲ್ಲಿ ಸೇರಿತು, ಬಡ ಮಕ್ಕಳಿಗೆ ಕಳಚಲು ಅಷ್ಟು ಬಟ್ಟೆಯೇ ಇರಲಿಲ್ಲ. ಇಪ್ಪತ್ತು ಸಾವಿರ ಮಕ್ಕಳ ಪ್ರಯೋಗದ ಬದಲು 50 ಜೋಡಿ ಏಕರೂಪ ಅವಳಿಗಳನ್ನು ತೆಗೆದುಕೊಂಡಿದ್ದರೂ ಇದಕ್ಕಿಂತ ನಂಬಬಹುದಾದ ಉತ್ತರ ಸಿಗುತ್ತಿತ್ತೆಂದು 1931ರಲ್ಲಿ ಗಾಸೆಟ್ ಬರೆದರು. ಫಾರ್ವರ್ಡ್‌ನಲ್ಲಿ ಸಾವಿರ ಜನ ಎಂದು ಓದಿದಾಗ ನಮಗೆ ಈ ಮಕ್ಕಳ ನೆನಪಾಗುತ್ತದೆ.

ಚೀಟಿಯನ್ನು ತಿದ್ದಲು ಅವಕಾಶವೇ ಇರದಂತೆ ನೋಡಿಕೊಂಡವರು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್. 1948ರಲ್ಲಿ ಪ್ರಕಟವಾದ, ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧದ ಪರೀಕ್ಷೆಯಲ್ಲಿ 107 ರೋಗಿಗಳಿದ್ದರು. ಯಾರಿಗೆ ಔಷಧ ಎಂಬುದು ಮೊಹರು ಮಾಡಿದ ಲಕೋಟೆಯೊಳಗಿತ್ತು, ರೋಗಿ ಸೇರಿದ ಮೇಲೆಯೇ ಒಡೆಯಬೇಕು. ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ 4 ಮಂದಿ, ಬರೀ ವಿಶ್ರಾಂತಿ ಪಡೆದ 52 ಮಂದಿಯಲ್ಲಿ 14 ಮಂದಿ ತೀರಿಕೊಂಡಿದ್ದರು. ಯುದ್ಧದ ನಂತರದ ಬ್ರಿಟನ್‌ನಲ್ಲಿ ಎಲ್ಲರಿಗೂ ಕೊಡುವಷ್ಟು ಔಷಧವೇ ಇರಲಿಲ್ಲ, ಆದ್ದರಿಂದ ಚೀಟಿ ಎತ್ತುವುದೇ ನ್ಯಾಯವಾಗಿತ್ತು.

ಆ ಹೊತ್ತಿಗೆ ಫಿಶರ್ ಕೇಂಬ್ರಿಜ್‌ನಲ್ಲಿ ತಳಿವಿಜ್ಞಾನದ ಪ್ರಾಧ್ಯಾಪಕರು. ನಮ್ಮ ಕಡೆಯವರೂ ಅವರ ಬಳಿ ಕಲಿತಿದ್ದಾರೆ: ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು 1948ರಲ್ಲಿ ಪಿಎಚ್.ಡಿ. ಮುಗಿಸಿದ್ದು ಫಿಶರ್ ಮಾರ್ಗದರ್ಶನದಲ್ಲೇ. ಅದಕ್ಕೆ ಹತ್ತು ವರ್ಷ ಮೊದಲೇ ಫಿಶರ್ ಕಲ್ಕತ್ತಾಗೆ ಬಂದು ಭಾರತದ ಮೊದಲ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದರು.

ಪೈಪು ಸೇದುತ್ತ ಮಾಡಿದ ವಾದ

1950ರಲ್ಲಿ ಅದೇ ಹಿಲ್ ಮತ್ತು ರಿಚರ್ಡ್ ಡಾಲ್ ಲಂಡನ್ ಆಸ್ಪತ್ರೆಗಳ ರೋಗಿಗಳ ಲೆಕ್ಕವನ್ನು ಪ್ರಕಟಿಸಿದರು. ಶ್ವಾಸಕೋಶದ ಕ್ಯಾನ್ಸರ್ ಇದ್ದ 649 ಗಂಡಸರಲ್ಲಿ ಧೂಮಪಾನ ಮಾಡದವರು ಇಬ್ಬರೇ. ಬೇರೆ ಕಾಯಿಲೆಗಳ 649 ಗಂಡಸರಲ್ಲಿ ಮಾಡದವರು 27. ಮುಂದೆ ಸುಮಾರು 40,000 ಬ್ರಿಟಿಷ್ ವೈದ್ಯರ ಅಭ್ಯಾಸಗಳನ್ನು ಬರೆದಿಟ್ಟುಕೊಂಡು, ಯಾರು ಯಾವುದರಿಂದ ಸಾಯುತ್ತಾರೆಂದು ವರ್ಷಗಟ್ಟಲೆ ಗಮನಿಸಿದರು.

ಜೀವನವಿಡೀ ಪೈಪು ಸೇದಿದ ಫಿಶರ್ 1957ರಿಂದ ಇದಕ್ಕೆ ಬಹಿರಂಗವಾಗಿ ಎದುರು ನಿಂತರು. ಅವರ ತರ್ಕ ಚಹಾದ ಕಪ್ಪಿನದೇ. ಯಾರು ಸಿಗರೇಟು ಸೇದಬೇಕೆಂದು ಚೀಟಿ ಎತ್ತಿಲ್ಲ, ಜನ ತಾವೇ ಆರಿಸಿಕೊಂಡಿದ್ದಾರೆ. ಸಿಗರೇಟಿನ ಕಡೆ ಎಳೆಯುವ ಗುಣ, ಕ್ಯಾನ್ಸರ್ ತರುವ ಗುಣ ಎರಡೂ ಒಂದೇ ವಂಶವಾಹಿಯಿಂದ ಬಂದಿದ್ದರೆ? ಏಕರೂಪ ಅವಳಿಗಳ ಧೂಮಪಾನದ ಅಭ್ಯಾಸ ಬೇರೆ ಅವಳಿಗಳಿಗಿಂತ ಹೆಚ್ಚು ಹೋಲುತ್ತದೆ ಎಂಬ ಮಾಹಿತಿಯನ್ನೂ ಮುಂದಿಟ್ಟರು. ತಂಬಾಕು ಕಂಪನಿಗಳ ಸಮಿತಿಯೊಂದಕ್ಕೆ ಅವರು ಸಲಹೆಗಾರರೂ ಆಗಿದ್ದರು. ಹಣಕ್ಕಾಗಿ ಮಾತನಾಡಿದರೆಂದು ನಮಗೆ ಅನಿಸುವುದಿಲ್ಲ, ಅವರ ಹಟಮಾರಿತನವೇ ಸಾಕಿತ್ತು. ಆದರೆ ಆ ಸಂಬಂಧವನ್ನು ಮುಚ್ಚಿಡುವುದೂ ಸರಿಯಲ್ಲ.

ಪ್ರಶ್ನೆ ತಪ್ಪಲ್ಲ. ಅದೇ ಪ್ರಶ್ನೆಯನ್ನು ನಾವು ಕಷಾಯದ ಫಾರ್ವರ್ಡ್‌ಗೂ ಕೇಳುತ್ತೇವೆ. ತಪ್ಪಿದ್ದು, ಉತ್ತರ ಬಂದ ಮೇಲೂ ಕೇಳಿಸಿಕೊಳ್ಳದೆ ಹೋದದ್ದು. ಮಕ್ಕಳಿಗೆ ಚೀಟಿ ಕೊಟ್ಟು, ನೀನು 30 ವರ್ಷ ಸಿಗರೇಟು ಸೇದು, ನೀನು ಸೇದಬೇಡ ಎಂದು ಹೇಳುವ ಪ್ರಯೋಗವನ್ನು ಯಾರೂ ಮಾಡಲಾರರು, ಮಾಡಲೂಬಾರದು. ಅಂಥ ಕಡೆ ಬೇರೆ ಬೇರೆ ದಿಕ್ಕಿನಿಂದ ಸಾಕ್ಷಿ ಕೂಡಿಸಬೇಕು. ಹೆಚ್ಚು ಸೇದಿದವರಿಗೆ ಅಪಾಯ ಹೆಚ್ಚು, ಬಿಟ್ಟವರಿಗೆ ಕಡಿಮೆ. ವಂಶವಾಹಿ ಒಂದೇ ಕಾರಣವಾದರೆ, ಬಿಟ್ಟ ಮೇಲೆ ಅಪಾಯ ಏಕೆ ಇಳಿಯಬೇಕು? 1959ರಲ್ಲಿ ಅಮೆರಿಕದ ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಸಂಗಡಿಗರು ಇನ್ನೂ ಗಟ್ಟಿಯಾದ ಲೆಕ್ಕ ಕೊಟ್ಟರು. ಧೂಮಪಾನಿಗಳಿಗೆ ಅಪಾಯ ಒಂಬತ್ತು ಪಟ್ಟು ಇದ್ದು, ಅದಕ್ಕೆಲ್ಲ ಅಡಗಿರುವ ಗುಣವೇ ಕಾರಣವೆಂದರೆ, ಆ ಗುಣ ಧೂಮಪಾನಿಗಳಲ್ಲಿ ಕನಿಷ್ಠ ಒಂಬತ್ತು ಪಟ್ಟು ಹೆಚ್ಚಾಗಿ ಕಾಣಿಸಬೇಕು. ಅಂಥ ಗುಣವನ್ನು ಫಿಶರ್ ತೋರಿಸಲಿಲ್ಲ.

ನಮ್ಮ ತಾತ ತೊಂಬತ್ತರವರೆಗೆ ಬೀಡಿ ಸೇದಿ ಗಟ್ಟಿಯಾಗಿದ್ದರು, ಕ್ಯಾನ್ಸರ್ ಎಲ್ಲ ವಂಶದಿಂದ ಬರುವುದು ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದರ ಹಿಂದೆ ಇಷ್ಟು ದೊಡ್ಡ ಪಂಡಿತರ ನೆರಳಿದೆ. ಸಿಗರೇಟು, ಬೀಡಿ ಎರಡರಿಂದಲೂ ಕ್ಯಾನ್ಸರ್ ಬರುತ್ತದೆ. 50 ವರ್ಷ ನಡೆದ ವೈದ್ಯರ ಅಧ್ಯಯನದಲ್ಲಿ, ಸಿಗರೇಟು ಬಿಡದವರು ಸೇದದವರಿಗಿಂತ ಸರಾಸರಿ ಸುಮಾರು ಹತ್ತು ವರ್ಷ ಮೊದಲೇ ತೀರಿಕೊಂಡರು.

ನಿವೃತ್ತಿಯ ನಂತರ ಫಿಶರ್ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ನೆಲೆಸಿದರು. 1962ರ ಮಾರ್ಚ್‌ನಲ್ಲಿ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್, ಧೂಮಪಾನವೇ ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣ ಎಂದು ವರದಿ ಹೊರಡಿಸಿತು. ಆ ವರ್ಷ ಜುಲೈ 29ರಂದು, ದೊಡ್ಡ ಕರುಳಿನ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆಯ ನಂತರ, 72ನೇ ವಯಸ್ಸಿನಲ್ಲಿ ಫಿಶರ್ ನಿಧನರಾದರು.

1989ರಲ್ಲಿ ಅವರು ಓದಿದ ಕೇಂಬ್ರಿಜ್ ಕಾಲೇಜಿನ ಊಟದ ಸಭಾಂಗಣದಲ್ಲಿ ಅವರ ನೆನಪಿಗೆ ಬಣ್ಣದ ಗಾಜಿನ ಕಿಟಕಿ ಇಟ್ಟರು. ಏಳು ಸಾಲು, ಏಳು ಕಂಬ, ಏಳು ಬಣ್ಣ, ಪ್ರತಿ ಸಾಲಿನಲ್ಲೂ ಪ್ರತಿ ಕಂಬದಲ್ಲೂ ಒಂದೊಂದು ಬಣ್ಣ ಒಂದೇ ಸಲ. ತಾಕುಗಳಿಗೆ ಗೊಬ್ಬರ ಹಂಚಲು ಅವರು ಬಳಸಿದ ಚೌಕವಿದು, ಒಬ್ಬರಿಗೇ ಹಲವು ಪರೀಕ್ಷೆಗಳನ್ನು ಯಾವ ಕ್ರಮದಲ್ಲಿ ಕೊಡಬೇಕೆಂದು ನಿರ್ಧರಿಸಲು ಮನಶ್ಶಾಸ್ತ್ರಜ್ಞರು ಇಂದಿಗೂ ಬಳಸುತ್ತಾರೆ. 2020ರಲ್ಲಿ ಕಾಲೇಜು ಆ ಕಿಟಕಿಯನ್ನು ತೆಗೆಸಿತು. ಕಾರಣ ಸಿಗರೇಟಿನ ವಾದವಲ್ಲ. ಯಾರು ಮಕ್ಕಳನ್ನು ಹೆರಬೇಕು, ಯಾರು ಹೆರಬಾರದು ಎಂದು ಆರಿಸಿ ಮನುಷ್ಯಕುಲವನ್ನು ಸುಧಾರಿಸಬಹುದೆಂಬ ಸುಜನನಶಾಸ್ತ್ರವನ್ನು ಫಿಶರ್ ವಿದ್ಯಾರ್ಥಿ ದಿನಗಳಿಂದಲೇ ಬೆಂಬಲಿಸಿದ್ದರು.